ಸಮಾಧಿ ನೆಲದಲ್ಲಿ ಕುರಿರೊಪ್ಪ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ಕಂದಾಯ ನಿರೀಕ್ಷಕರು. "ಗರಸು ನೆಲ ಕಣಮ್ಮ ಇದು. ಹುಲ್ಲೇ ಹುಟ್ಟಲ್ಲ, ನೀನು ವನ ಮಾಡ್ತೀನಿ ಅಂತೀಯಲ್ಲ" ಎಂದು ಚಪ್ಪಲಿಯ ತುದಿಯಿಂದ ನೆಲವನ್ನು ಕೆರೆದು ತೋರಿಸಿದರು. ಆಮೇಲೆ ಹೇಳಿದವರು ಹಟ್ಟಿಯ ಯಜಮಾನರು. ಅವರಿಗೆ ನೆಲದ ಚಿಂತೆ ಇರಲಿಲ್ಲ. "ಕೆಟ್ಟ ಸಾವು ಸತ್ತೋರಿಗೆ ಗುರುತು ಮಾಡಬಾರ್ದು. ನಮ್ಮಲ್ಲಿ ಆ ಪದ್ಧತಿ ಇಲ್ಲ" ಎಂದು ಟವೆಲ್ ಕೊಡವಿಕೊಂಡು ಎದ್ದು ಹೋದರು. ನೀರಿನ ಟ್ಯಾಂಕರ್ ಓಡಿಸುವವನು ಮಾತ್ರ ನಗುತ್ತಲೇ ಹೇಳಿದ: "ಮೇಡಮ್, ನಾನು ಸತ್ರೆ ನನ್ನ ಹೆಸ್ರಾಗೆ ಗಿಡ ನೆಡಬ್ಯಾಡ್ರಿ. ಒಂದು ಬೋರ್ ಕೊರೆಸ್ರಿ. ನಾಲ್ಕು ಜನ ಕುಡಿದು ನೆನೆಸ್ಕಂತಾರೆ."

ಆಗುತ್ತದೆ ಎಂದವಳು ನಾನೊಬ್ಬಳೇ. ಮತ್ತೋಡು ಕಡೆಯ ಕುರಿ ಕಾಯುವ ಮನೆಯಲ್ಲಿ ಹುಟ್ಟಿದವಳು ನಾನು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜು ನೋಡಿದವರಿಲ್ಲ. ನೆಲ, ನೀರು, ಗಿಡಗಳನ್ನು ಜೋಡಿಸಿ ಜನ ಬಂದು ಕೂರುವ ಜಾಗಗಳನ್ನು ವಿನ್ಯಾಸ ಮಾಡುವುದು ನಾನು ಓದಿ ಕಲಿತ ವಿದ್ಯೆ. ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆ ಹೆಮ್ಮೆಯನ್ನು ಮುಚ್ಚಿಟ್ಟು ಈ ಕೆಲಸದ ಬಗ್ಗೆ ಬರೆಯಲು ಆಗುವುದಿಲ್ಲ, ಏಕೆಂದರೆ ಮೊದಲ ತಪ್ಪು ಆದದ್ದು ಅದರಿಂದಲೇ.

ನಡೆದದ್ದು ಇಷ್ಟು. ಹೊಸದುರ್ಗ ತಾಲ್ಲೂಕಿನ ಒಂದು ಹಟ್ಟಿಯ ಜನ ಪ್ರತಿ ವರ್ಷದಂತೆ ಕುರಿ ಹೊಡೆದುಕೊಂಡು ಮೂಡಲ ಸೀಮೆಗೆ ಹೋಗಿದ್ದರು. ವಾಪಸು ಬರುವಾಗ, ಹಿರಿಯೂರು ದಾಟಿದ ಮೇಲೆ, ಬೆಳಗಿನ ಮಂಜಿನಲ್ಲಿ ಹೆದ್ದಾರಿ ದಾಟುತ್ತಿದ್ದ ಮಂದೆಯೊಳಕ್ಕೆ ಒಂದು ಲಾರಿ ನುಗ್ಗಿತು. ಐದು ಜನ ಸತ್ತರು. ಸತ್ತ ಕುರಿಗಳನ್ನು ಯಾರೂ ಸರಿಯಾಗಿ ಎಣಿಸಲಿಲ್ಲ. ಆಸ್ಪತ್ರೆಯಲ್ಲಿ ಶವಪರೀಕ್ಷೆ ಮುಗಿದ ಮೇಲೆ ಹೆಣಗಳನ್ನು ಊರಿಗೆ ಒಯ್ಯಲಿಲ್ಲ. ಹೀಗೆ ಹೊರಗೆ ಸತ್ತವರನ್ನು ಹಟ್ಟಿಯ ಗಡಿಯೊಳಕ್ಕೆ ತರಬಾರದೆಂಬುದು ಆ ಹಟ್ಟಿಯ ಕಟ್ಟಳೆ. ಸತ್ತ ಜಾಗದ ಎದುರಿಗೇ, ರಸ್ತೆ ಪಕ್ಕದ ಗೋಮಾಳದಲ್ಲಿ, ಜೆಸಿಬಿಯಿಂದ ಅಗೆಸಿ ಐವರನ್ನೂ ಸಾಲಾಗಿ ಹೂಳಿದರು. ಪಕ್ಕದಲ್ಲೇ ದೊಡ್ಡ ಗುಂಡಿ ತೋಡಿ ಕುರಿಗಳನ್ನು ಹೂಳಿದರು.

ಒಂದು ವರ್ಷ ಅಲ್ಲಿಗೆ ಯಾರೂ ಹೋಗಲಿಲ್ಲ. ಅಷ್ಟರಲ್ಲಿ ಆ ಗೋಮಾಳ ಸೋಲಾರ್ ಘಟಕಕ್ಕೆಂದು ಗುರುತಾಯಿತು. ಸಮಾಧಿಗಳನ್ನು ಎತ್ತಿ ದೂರದ ಊರಿನ ಸಾರ್ವಜನಿಕ ಸ್ಮಶಾನಕ್ಕೆ ಸಾಗಿಸುತ್ತೇವೆ ಎಂಬ ಸುದ್ದಿ ಹಟ್ಟಿಗೆ ಬಂತು. ಆಗ ಮಗ ಮತ್ತು ಸೊಸೆ ಇಬ್ಬರನ್ನೂ ಅಲ್ಲಿ ಕಳೆದುಕೊಂಡಾಕೆ, ಬಸ್ಸು ಹತ್ತಿ ಚಿತ್ರದುರ್ಗದ ನಮ್ಮ ಕಚೇರಿ ಹುಡುಕಿಕೊಂಡು ಬಂದರು. ನಾನು ಅವರನ್ನು ದೊಡ್ಡಮ್ಮ ಎಂದೇ ಕರೆದೆ, ನಮ್ಮ ಕಡೆ ಹಾಗೆಯೇ.

"ನೀನು ಕುರಿಯೋರ ಮನೆ ಹುಡುಗಿ ಅಂತೆ. ಓದಿದೀಯಂತೆ."

"ಹೌದು ದೊಡ್ಡಮ್ಮ. ಕುಂತ್ಕಳ್ರಿ."

"ಕುಂತ್ಕಳಾಕೆ ಬಂದಿಲ್ಲ. ನನ್ನ ಮಗನ್ನ ಒಂದ್ಸಲ ರಸ್ತೆ ಮೇಲಿಂದ ಬಾಚಿ ಎತ್ತಿದ್ದು ನೋಡಿದೀನಿ. ಎರಡ್ನೇ ಸಲ ಎತ್ತೋದು ನೋಡಾಕೆ ನನ್ನ ಕೈಲಿ ಆಗಲ್ಲ. ಏನಾದ್ರೂ ಮಾಡು."

ತಹಸೀಲ್ದಾರರು ಒಳ್ಳೆಯ ಮನುಷ್ಯ. ಆದರೆ ಅವರಿಗೂ ಮೇಲಿನವರಿಗೆ ತೋರಿಸಲು ಏನಾದರೂ ಬೇಕಿತ್ತು. ಮೂಲೆಯ ತುಂಡು ಜಾಗವನ್ನು ಬಿಟ್ಟುಕೊಡಬಹುದು, ಆದರೆ ಬರಿ ಮಣ್ಣುಗುಡ್ಡೆ ಇದ್ದರೆ ಆಗದು. ಎರಡು ಮಳೆಗಾಲ ಕಳೆಯುವುದರೊಳಗೆ ಅದು ಬೇಲಿಯೊಳಗಿನ ಹಸಿರು ಸ್ಮಾರಕವಾಗಿರಬೇಕು, ಇಲ್ಲದಿದ್ದರೆ ಸ್ಥಳಾಂತರವೇ ಎಂದರು. ಅದನ್ನು ಬರೆದೂ ಕೊಟ್ಟರು. ನಾನು ಒಪ್ಪಿಕೊಂಡೆ.

ನೆಲ ನೋಡಲು ಹೋದ ದಿನ ಹಾರೆ ಹಾಕಿದರೆ ಅದು ಎಗರಿ ಕೈ ಜುಮ್ಮೆಂದಿತು. ಮೇಲೆ ಒಂದು ಗೇಣು ಕೆಂಪು ಮಣ್ಣು, ಕೆಳಗೆ ಒತ್ತಾಗಿ ಕೂತ ಗರಸು, ಅದರ ಕೆಳಗೆ ಹಾಸುಬಂಡೆ. ಗುಂಡಿಗೆ ಒಂದು ಕೊಡ ನೀರು ಸುರಿದರೆ ಸಂಜೆಯವರೆಗೂ ಇಂಗಲಿಲ್ಲ. ಮಳೆ ಬಂದರೆ ನೀರೆಲ್ಲ ರಸ್ತೆ ಚರಂಡಿಗೆ ಹರಿದು ಹೋಗುವ ಇಳಿಜಾರು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದು, ಇಳಿಜಾರಿಗೆ ಅಡ್ಡವಾಗಿ ಬದುಗಳ ಗೆರೆ ಎಳೆದೆ. ಸಿಮೆಂಟ್ ಬೇಡ, ಗ್ರಾನೈಟ್ ಬೇಡ, ಹೊರಗಿನಿಂದ ಏನೂ ಬೇಡ ಎಂದು ತೀರ್ಮಾನಿಸಿದೆ. ಹೂಳಿದ ದೇಹ ಮಣ್ಣಾಗುವ ಜಾಗದಲ್ಲಿ ಮಣ್ಣಾಗದ ವಸ್ತುವನ್ನು ಇಡುವುದು ನನಗೆ ಸರಿ ಕಾಣಲಿಲ್ಲ. ಅಲ್ಲೇ ಬಿದ್ದಿದ್ದ ಕಲ್ಲನ್ನು ಆಯ್ದು ಗಾರೆಯಿಲ್ಲದೆ ಬದು ಕಟ್ಟಿಸಿದೆ. ಒಂದು ಕಡೆ ಬದುವನ್ನು ಕೊಂಚ ಎತ್ತರಿಸಿ, ಬಂದವರು ಕೂರುವ ಹಾಗೆ ಮಾಡಿಸಿದೆ. ಸುತ್ತ ಮುಳ್ಳು ಬೇಲಿ.

ಐದು ಸಮಾಧಿ, ಐದು ಮರ. ಇದು ನನ್ನ ವಿನ್ಯಾಸದ ನಡುಗಂಬ. ಪ್ರತಿ ಸಮಾಧಿಯ ತಲೆಯ ಕಡೆ ಒಂದು ಸಸಿ, ಅದರ ಬುಡದಲ್ಲಿ ಹೆಸರು ಕೊರೆದ ಕಲ್ಲಿನ ಚೂರು, ಪಕ್ಕದಲ್ಲಿ ಕುತ್ತಿಗೆಯವರೆಗೆ ಹೂತ ಮಣ್ಣಿನ ಮಡಕೆ. ಮಡಕೆಗೆ ನೀರು ತುಂಬಿದರೆ ಅದು ಬೇರಿಗೆ ನಿಧಾನವಾಗಿ ಒಸರುತ್ತದೆ. ಯಾವ ಮರ ಎಂಬುದನ್ನು ಮನೆಯವರೇ ಆರಿಸಲಿ ಎಂದೆ. ದೊಡ್ಡಮ್ಮ ಮಗನಿಗೆ ಹೊಂಗೆ, ಸೊಸೆಗೆ ಬೇವು ಎಂದರು. ಸತ್ತವರಲ್ಲಿ ಯಜಮಾನರ ಮಗನೂ ಒಬ್ಬ. ಯಜಮಾನರು ದೊಡ್ಡಮ್ಮನ ಮೈದುನ. ಅವರು ಮರ ಆರಿಸಲು ಬರಲೇ ಇಲ್ಲ; ಅವರ ಹೆಂಡತಿ ಬಂದು ಹುಣಸೆ ಎಂದು ಹೇಳಿ ಹೋದರು. ಕಚೇರಿಯಲ್ಲಿ ಆ ನಕ್ಷೆಯನ್ನು ನೋಡಿದವರೆಲ್ಲ ಹೊಗಳಿದರು. ನನಗೂ ಅದು ಚೆಂದವೆನ್ನಿಸಿತ್ತು.

ಮೊದಲ ಮಳೆಗಾಲದಲ್ಲಿ ಸಸಿಗಳು ಚಿಗುರಿದವು. ದೊಡ್ಡಮ್ಮ ಆಗಾಗ ಬಸ್ಸಿನಲ್ಲಿ ಬರುತ್ತಿದ್ದರು. ಬಂದು ಹೊಂಗೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಏನಪ್ಪ, ಎದ್ಯಾ?" ಎನ್ನುವರು. ಬೇವಿನ ಹತ್ತಿರ ಹೋಗಿ, "ನೀನೇನವ್ವ ಇಷ್ಟು ಬಡವಾಗಿದೀಯ, ಅವ್ನು ನೋಡು ಹೆಂಗವ್ನೆ" ಎಂದು ಗದರುವರು. ಅದನ್ನು ನೋಡಿ ನನ್ನ ಕಣ್ಣು ತುಂಬಿ ಬಂದದ್ದುಂಟು. ವಿನ್ಯಾಸ ಫಲಿಸಿತು ಎಂದುಕೊಂಡೆ. ಗಿಡ ಮನುಷ್ಯನ ಜಾಗದಲ್ಲಿ ನಿಂತರೆ, ಗಿಡಕ್ಕೆ ಆಗುವುದೆಲ್ಲ ಮನುಷ್ಯನಿಗೇ ಆಗುತ್ತದೆ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಬೇಸಿಗೆಯಲ್ಲಿ ಬೇವು ಒಣಗಿತು. ಬೇವು ಒಣಗುವುದೆಂದರೆ ನಮ್ಮ ಸೀಮೆಯಲ್ಲಿ ಯಾರೂ ನಂಬುವುದಿಲ್ಲ, ಅಷ್ಟು ಗಟ್ಟಿ ಜಾತಿ. ಎಲೆ ಉದುರಿ, ಕಡ್ಡಿ ಮುರಿದರೆ ಒಳಗೂ ಕಂದು. ಬುಡದ ಮಣ್ಣು ಬಿಡಿಸಿ ನೋಡಿದೆ. ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿ ಬಹಳ ದಿನ ಇದ್ದ ಸಸಿ; ತಾಯಿಬೇರು ಸುರುಳಿ ಸುತ್ತಿಕೊಂಡಿತ್ತು. ಕೆಳಗೆ ಹಾಸುಬಂಡೆ ಸಿಕ್ಕು, ಇಳಿಯಲು ದಾರಿಯಿಲ್ಲದೆ, ಬೇರು ತನ್ನನ್ನೇ ಬಿಗಿದುಕೊಂಡಿತ್ತು. ಉಳಿದದ್ದನ್ನು ಗೆದ್ದಲು ಮುಗಿಸಿತ್ತು. ಕಾರಣ ಸ್ಪಷ್ಟ. ಆದರೆ ಆ ಕಾರಣವನ್ನು ಯಾರಿಗೆ ಹೇಳುವುದು?

ಟ್ಯಾಂಕರಿನವನು ತಲೆ ಕೆರೆದುಕೊಂಡ. "ಮೇಡಮ್, ಇದಕ್ಕೆಲ್ಲ ಯಾಕ್ ತಲೆ ಕೆಡಿಸ್ಕಂತೀರಿ? ಇಷ್ಟೇ ಎತ್ತರದ್ದು ಇನ್ನೊಂದು ತಂದು ನೆಟ್ಬಿಡಾಣ. ಬೇವು ಬೇವೇ ಅಲ್ವೇನ್ರಿ?"

"ಆಯಮ್ಮ ಅದರ ಒಂದೊಂದು ಕಡ್ಡೀನೂ ನೋಡಿದಾರೆ ಕಣಯ್ಯ."

"ಬೆಳೆದೈತೆ ಅನ್ನಿ."

"ಅವರಿಗೆ ಸುಳ್ಳು ಹೇಳಲ್ಲ" ಎಂದೆ. ಅವನು ಬೀಡಿ ಹಚ್ಚಿಕೊಂಡ.

ದೊಡ್ಡಮ್ಮ ಬಂದು ನೋಡಿದರು. ಅಳಲಿಲ್ಲ. ಬೇವಿನ ಒಣಕಡ್ಡಿಯನ್ನು ಹಿಡಿದುಕೊಂಡು ಬಿಸಿಲು ಇಳಿಯುವವರೆಗೂ ಕೂತಿದ್ದರು. ಸುದ್ದಿ ಹಟ್ಟಿಗೆ ಮುಟ್ಟಿತು. ಹಟ್ಟಿಯಿಂದ ಹೊಳಲ್ಕೆರೆ ಕಡೆಯ ಅವರ ಬೀಗರಿಗೆ ಮುಟ್ಟಿತು. ಸೊಸೆಯ ತಂದೆ ಭೀಮಸಮುದ್ರದ ತೋಟಗಳಲ್ಲಿ ಕೂಲಿ ಮಾಡುವವರು, ಮೆತ್ತಗೆ ಮಾತಾಡುವ ಮನುಷ್ಯ. ಅವರು ಇಬ್ಬರು ಅಣ್ಣತಮ್ಮಂದಿರೊಂದಿಗೆ ಬಂದು, ಒಣಗಿದ ಗಿಡದ ಮುಂದೆ ನಿಂತರು.

"ಬೀಗ್ತಿ, ನಿಮ್ ಮೇಲೆ ಸಿಟ್ಟಿಲ್ಲ" ಎಂದರು ದೊಡ್ಡಮ್ಮನಿಗೆ. "ನನ್ನ ಮಗಳು ನೀರು ಕೇಳ್ತಾ ಅವ್ಳೆ. ಇಲ್ಲಿ ಇರಾಕೆ ಆಕಿಗೆ ಮನಸ್ಸಿಲ್ಲ. ನಾನು ಕರ್ಕಂಡು ಹೋಗ್ತೀನಿ. ಕಾಲುವೆ ಪಕ್ಕ ಜಾಗ ಐತೆ."

ನಾನು ಮುಂದೆ ಹೋಗಿ ಬೇರು, ಬಂಡೆ, ಗೆದ್ದಲು ಎಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ, "ನೀನೇ ಅಲ್ವೇನಮ್ಮ ಇದು ನಿಮ್ ಮಗಳು ಅಂತ ಹೆಸ್ರು ಕೊರೆಸಿ ಇಟ್ಟೋಳು?" ಎಂದರು.

ಅವರು ಅರ್ಜಿ ಕೊಟ್ಟರು. ಮೇಲಿನ ಕಚೇರಿಯಿಂದ ಅನುಮತಿ ಬಂತು. ಒಂದು ಬೆಳಗ್ಗೆ ಕಂದಾಯದವರು, ಪೊಲೀಸಿನವರು, ಒಬ್ಬ ವೈದ್ಯರು ಬಂದರು. ಸುತ್ತ ಹಸಿರು ಬಟ್ಟೆಯ ಮರೆ ಕಟ್ಟಿದರು. ಹಾರೆಯೇ ಎಗರುವ ನೆಲವಾದ್ದರಿಂದ ಕೆಲಸ ನಿಧಾನವಾಯಿತು. ನಾನು ಕಟ್ಟಿಸಿದ ಬದುವಿನ ಒಂದು ತುದಿಯನ್ನು ಬಿಚ್ಚಬೇಕಾಯಿತು. ಮಣ್ಣಿನೊಳಗಿಂದ ಮೊದಲು ಮಡಕೆ ಬಂತು, ನೀರು ತುಂಬಿಯೇ ಇತ್ತು. ಆಮೇಲೆ ಕಂಬಳಿಯ ಅಂಚು ಬಂತು. ದೊಡ್ಡಮ್ಮ ಮರೆಯ ಹೊರಗೆ ನಿಂತಿದ್ದರು. ನೋಡಾಕೆ ಆಗಲ್ಲ ಎಂದಿದ್ದವರು ಕೊನೆಯವರೆಗೂ ನಿಂತಿದ್ದರು. ವ್ಯಾನು ಹೊರಟ ಮೇಲೆ ಒಂದೇ ಮಾತು ಹೇಳಿದರು: "ಹೋಗ್ಲಿ ಬಿಡು. ಹೆತ್ತೋರು ಅವ್ರು."

ಗುಂಡಿ ಮುಚ್ಚಿಸಿ ಚಿತ್ರದುರ್ಗಕ್ಕೆ ಬಂದ ಮೇಲೆ ಕೆಲವು ದಿನ ನಾನು ನಕ್ಷೆ ಬಿಡಿಸಿ ನೋಡಲಿಲ್ಲ. ಉಳಿದ ನಾಲ್ಕು ಗಿಡಗಳೂ ಹಳದಿಗೆ ತಿರುಗುತ್ತಿದ್ದವು. ಅವೂ ಅದೇ ಚೀಲದ ಸಸಿಗಳು, ಅದೇ ಬಂಡೆಯ ಮೇಲೆ ನಿಂತವು. ಒಂದೊಂದು ಒಣಗಿದಾಗಲೂ ಒಂದೊಂದು ಮನೆಯಲ್ಲಿ ಮತ್ತೆ ಸಾವು. ಮಳೆಗಾಲ ಮುಗಿಯುವ ಹೊತ್ತಿಗೆ ಕಂದಾಯದವರು ಹಸಿರು ಇಲ್ಲವೆಂದು ಬರೆದುಕೊಂಡು ಹೋದರೆ, ಆ ಹಸಿರು ಬಟ್ಟೆಯ ಮರೆ ಇನ್ನೂ ನಾಲ್ಕು ಸಲ ಕಟ್ಟಬೇಕು. ನಮ್ಮ ಕಚೇರಿಯ ಮೇಲಧಿಕಾರಿಯೊಬ್ಬರು ಹೊಸ ಸಸಿ, ದೊಡ್ಡ ಗುಂಡಿ, ಹೊರಗಿನ ಮಣ್ಣು ಎಂದರು. ಬಂಡೆಗೆ ಗುಂಡಿ ತೋಡುವುದೆಂದರೆ ಸಮಾಧಿಯ ಪಕ್ಕ ಮದ್ದು ಸಿಡಿಸುವುದು. ಅದು ನನಗೆ ಬೇಡವಾಗಿತ್ತು.

ಗರಸಿನಲ್ಲಿ ತಾನಾಗಿ ಏನು ಹುಟ್ಟುತ್ತದೆ ಎಂದು ಯೋಚಿಸಿದೆ. ನಮ್ಮ ಹಟ್ಟಿಯ ಹೊರಗೆ, ನಾವು ಮಕ್ಕಳಾಗಿದ್ದಾಗ ಕುರಿ ಕೂಡುತ್ತಿದ್ದ ಹಳೆಯ ರೊಪ್ಪಗಳ ಜಾಗವಿತ್ತು. ರೊಪ್ಪ ಬಿಟ್ಟ ಮುಂದಿನ ಮಳೆಗೆ ಅಲ್ಲಿ ಕರಿಜಾಲಿ ಎದ್ದು ನಿಲ್ಲುತ್ತಿತ್ತು. ಯಾರೂ ನೆಟ್ಟದ್ದಲ್ಲ. ಕುರಿ ಬೇಸಿಗೆಯಲ್ಲಿ ಜಾಲಿ ಕಾಯಿ ತಿನ್ನುತ್ತದೆ. ಕೆಲವು ಬೀಜಗಳನ್ನು ಮೆಲುಕು ಹಾಕುವಾಗ ಉಗುಳುತ್ತದೆ, ಕೆಲವು ಹಿಕ್ಕೆಯಲ್ಲಿ ಬೀಳುತ್ತವೆ. ಹೊಟ್ಟೆಯೊಳಗೆ ಹೋಗಿ ಬಂದ ಬೀಜದ ಗಟ್ಟಿ ಸಿಪ್ಪೆ ಮೆತ್ತಗಾಗಿರುತ್ತದೆ. ಗೊರಸು ನೆಲದ ಹೆಪ್ಪು ಒಡೆಯುತ್ತದೆ, ಬೀಜವನ್ನು ಒಳಗೆ ತುಳಿಯುತ್ತದೆ, ಗೊಬ್ಬರವೂ ಅಲ್ಲೇ ಬಿದ್ದಿರುತ್ತದೆ. ಚೀಲದಲ್ಲಿ ಬೇರು ಸುತ್ತಿಕೊಳ್ಳುವ ಮಾತೇ ಇಲ್ಲ. ಬೀಜ ಬಿದ್ದಲ್ಲೇ ಬಿರುಕು ಹುಡುಕಿ ಬೇರು ಬಿಡುತ್ತದೆ. ಹುಟ್ಟಿದಾಗಿನಿಂದ ಕಂಡಿದ್ದ ಈ ಸಂಗತಿಯನ್ನು ಕಾಲೇಜಿನಲ್ಲಿ ಕಲಿತ ಲೆಕ್ಕಾಚಾರದ ಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ ಮಾತು ಹೇಳುತ್ತಿದ್ದವು. ಅಲ್ಲಿ ಬೇಲಿ ತೆಗೆದು ಕುರಿ ಕೂಡಬೇಕು. ಅದಕ್ಕಿಂತ ಮೊದಲು, ನಾಲ್ಕು ಗಿಡಗಳು ಜೀವಂತ ಇರುವಾಗಲೇ, ಅವುಗಳ ಹೆಸರು ತೆಗೆಯಬೇಕು.

ಇದನ್ನು ಹೇಳಲು ಹಟ್ಟಿಗೆ ಹೋದೆ. ಯಜಮಾನರ ಮನೆಯ ಜಗುಲಿಯಲ್ಲಿ ಎಲ್ಲರೂ ಕೂತಿದ್ದರು. ಮಾತು ಮುಗಿಯುವ ಮೊದಲೇ ಯಜಮಾನರು ಎದ್ದರು.

"ಸತ್ತೋರ ಎದೆ ಮೇಲೆ ಕುರಿ ತುಳಿಸ್ತೀಯಾ? ಏನಮ್ಮ, ಇದನ್ನೇ ಏನು ಕಾಲೇಜಾಗೆ ಹೇಳ್ಕೊಟ್ಟಿದ್ದು? ಗುರುತು ಮಾಡಬ್ಯಾಡ ಅಂದೆ, ಮಾಡಿದಿ. ಒಂದು ಹುಡುಗೀನ ಎತ್ಕಂಡು ಹೋದ್ರು. ಈಗ ಗುರುತು ಕೀಳ್ತೀನಿ, ಕುರಿ ಬಿಡ್ತೀನಿ ಅಂತಿ. ನಿಂಗೆ ನಮ್ ಮಕ್ಳ ಹೆಣ ಆಟದ ಸಾಮಾನಾ?"

ಗುರುತಿನ ಬಗ್ಗೆ ಅವರು ಹೇಳಿದ್ದು ನಿಜವಾಗಿತ್ತು, ಒಪ್ಪಿಕೊಂಡೆ. ಆದರೆ ಅವರ ಮಾತು ಕೇಳಿ ಏನೂ ಮಾಡದೆ ಬಿಟ್ಟಿದ್ದರೂ ಐದಕ್ಕೆ ಐದನ್ನೂ ಎತ್ತಿಬಿಡುತ್ತಿದ್ದರು ಎಂಬುದನ್ನೂ ಹೇಳಿದೆ. ಅವರು ಮುಖ ತಿರುಗಿಸಿಕೊಂಡರು.

ಮೂಲೆಯಲ್ಲಿ ಕೂತಿದ್ದ ದೊಡ್ಡಮ್ಮ ಬಾಯಿ ಬಿಟ್ಟರು. "ಏನಪ್ಪ ಮೈದುನ, ನಿನ್ನ ಮಗ ಕುರಿ ಬಿಟ್ಟು ಒಂದಿನ ಮಲಗಿದ್ನಾ? ಮರಿ ತಂದು ಕಂಬಳಿ ಒಳಗೆ ಹಾಕ್ಕಂಡು ಮಲಗೋನು. ಗಬ್ಬು ಅಂತ ನಿನ್ನ ಹೆಂಡ್ತಿ ಬೈಯ್ಯೋಳು. ಈಗ ಕುರಿ ಬಂದ್ರೆ ಅವನಿಗೆ ಮೈಲಿಗೆ ಆಗ್ತೈತಾ?"

ಯಜಮಾನರು ಜಗುಲಿಯ ಕಂಬಕ್ಕೆ ಒರಗಿ ಕೂತರು.

"ನನ್ನ ಹತ್ರ ಉಳಿದ ಕುರಿ ಅವೆ. ಅವತ್ತಿನಿಂದ ಅವನ್ನ ಕೊಳ್ಳೋರಿಲ್ಲ, ಗೊಬ್ರಕ್ಕೆ ಹೊಲದಾಗೆ ಕೂಡ್ಸಿ ಅಂತ ಕರೆಯೋರೂ ಇಲ್ಲ. ಅಪಶಕುನ ಅಂತಾರೆ. ಅವನ್ನೇ ಹೊಡ್ಕಂಡು ಹೋಗ್ತೀನಿ. ಬೇರೆಯೋರ ಕುರಿ ಬ್ಯಾಡ."

ಆ ಕುರಿಗಳನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಲಾರಿಯ ಕೆಳಗಿನಿಂದ ಉಳಿದು ಬಂದವು ಮತ್ತು ಅವುಗಳ ಮರಿಗಳು. ಒಂದಕ್ಕೆ ಸೊಂಟ ವಾಲಿತ್ತು. ಒಂದು ಮೂರು ಕಾಲಲ್ಲಿ ಕುಪ್ಪಳಿಸಿ ನಡೆಯುತ್ತಿತ್ತು.

ಒಂದು ಅಪಾಯ ಬಾಕಿ ಇತ್ತು. ನಮ್ಮ ಸೀಮೆ ತುಂಬ ಬಳ್ಳಾರಿ ಜಾಲಿ. ಅದರ ಕಾಯಿ ಸಿಹಿ, ಕುರಿಗೆ ಬಲು ಇಷ್ಟ. ಆ ಬೀಜ ಬಿದ್ದರೆ ಸ್ಮಾರಕದ ಬದಲು ಯಾರೂ ಒಳಗೆ ಕಾಲಿಡಲಾಗದ ಮುಳ್ಳಿನ ಮೆಳೆ ಏಳುತ್ತದೆ, ಬೇರೇನನ್ನೂ ಬದುಕಗೊಡುವುದಿಲ್ಲ. ಹಾಗಾಗಿ ರೊಪ್ಪ ಹಾಕುವ ಒಂದು ವಾರ ಮೊದಲೇ ಕುರಿಗಳನ್ನು ಮೇಯಲು ಬಿಡದೆ ಕಟ್ಟಿ ಸಾಕಬೇಕು, ಹೊಟ್ಟೆಯಲ್ಲಿರುವ ಹಳೆಯ ಬೀಜವೆಲ್ಲ ಹೊರಬೀಳಬೇಕು. ಆಮೇಲೆ ನಾವು ಆಯ್ದು ತಂದ ಕರಿಜಾಲಿ ಕಾಯಿ, ಬನ್ನಿ ಕಾಯಿ, ಎಲಚಿ ಹಣ್ಣು ಮಾತ್ರ. ಹಟ್ಟಿಯ ಹೆಂಗಸರು ಬೇಸಿಗೆಯ ಬಿಸಿಲಲ್ಲಿ ಮರ ಮರದ ಕೆಳಗೆ ಹೋಗಿ ಕಾಯಿ ಆಯ್ದು ಚೀಲ ತುಂಬಿದರು. ಯಜಮಾನರ ಹೆಂಡತಿಯೂ ಬಂದಿದ್ದರು. ಯಜಮಾನರು ಬರಲಿಲ್ಲ.

ಹೆಸರಿನ ಕಲ್ಲುಗಳನ್ನು ತೆಗೆದ ದಿನ ನಾಲ್ಕು ಮನೆಯವರೂ ಇದ್ದರು. ಏನು ಮಾಡಬೇಕೆಂದು ನಾನು ಹೇಳಲಿಲ್ಲ. ದೊಡ್ಡಮ್ಮ ಮಗನ ಹೆಸರಿನ ಚೂರನ್ನು ಎತ್ತಿಕೊಂಡು ಹೋಗಿ, ಬಿಚ್ಚಿ ಬಿದ್ದಿದ್ದ ಬದುವಿನ ತುದಿಯಲ್ಲಿ ಅಕ್ಷರ ಕೆಳಮುಖವಾಗಿಟ್ಟು ಮೇಲೊಂದು ಕಲ್ಲು ಹೇರಿದರು. ಉಳಿದವರೂ ಹಾಗೆಯೇ ಮಾಡಿದರು. ಸೊಸೆಯ ಹೆಸರಿನ ಕಲ್ಲು ಇನ್ನೂ ಅಲ್ಲೇ ಬಿದ್ದಿತ್ತು. ಅದನ್ನೂ ಅವರೇ ತಂದು ಮಗನ ಕಲ್ಲಿನ ಪಕ್ಕ ಇಟ್ಟರು.

ಕುರಿಗಳು ಮೇಲುಗಡೆಯ ಹಳ್ಳಿಯ ದಾರಿಯಲ್ಲಿ ನಡೆದು ಬಂದವು. ಹೆದ್ದಾರಿ ದಾಟಿಸಲು ಕೆಳಗಿನ ಮೋರಿಯನ್ನು ಗುರುತು ಮಾಡಿಟ್ಟಿದ್ದೆ. ಮೋರಿಯ ಬಾಯಿಗೆ ಬಂದದ್ದೇ ತಡ, ಮೇಲೆ ಲಾರಿಗಳ ಸದ್ದು ಕೇಳಿ ಮಂದೆ ನಿಂತುಬಿಟ್ಟಿತು. ಹಿಂದಿನಿಂದ ಎಷ್ಟು ಹೊಡೆದರೂ ಒಂದು ಹೆಜ್ಜೆ ಇಡಲಿಲ್ಲ. ಒಂದಕ್ಕೊಂದು ತಲೆ ತೂರಿಸಿಕೊಂಡು ನಡುಗುತ್ತಿದ್ದವು. ಟ್ಯಾಂಕರಿನವನು ಲುಂಗಿ ಎತ್ತಿಕಟ್ಟಿಕೊಂಡು ಇಳಿದ. "ಲೇ, ಬರ್ರಲೇ, ನನ್ನ ಮಾನ ಕಳೀಬ್ಯಾಡ್ರಿ, ಮೇಡಮ್ ನೋಡ್ತಾ ಅವ್ರೆ" ಎಂದು ಮುಂದಿನದರ ಕೊಂಬು ಹಿಡಿದು ಎಳೆದ. ಅದು ಅವನನ್ನೇ ಕೆಡವಿತು. ಕಡೆಗೆ ಆ ಮೂರು ಕಾಲಿನ ಕುರಿಯನ್ನು ದೊಡ್ಡಮ್ಮ ಹೆಗಲ ಮೇಲೆ ಹಾಕಿಕೊಂಡು ಕತ್ತಲೆ ಮೋರಿಯೊಳಗೆ ನಡೆದರು. ಅದರ ಮರಿ ಅರಚುತ್ತ ಹಿಂದೆ ಓಡಿತು. ಮರಿಯ ಹಿಂದೆ ಮಂದೆ ಹೋಯಿತು.

ಬಲೆ ಕಟ್ಟಿ ರೊಪ್ಪ ಮಾಡಿ, ಒಂದು ಕಡೆ ಕೂಡಿಸಿ, ಮತ್ತೆ ಬಲೆ ಸರಿಸಿ ಇನ್ನೊಂದು ಕಡೆ ಕೂಡಿಸಿ, ಇಡೀ ತುಂಡನ್ನು ಮುಗಿಸಿದೆವು. ಸಮಾಧಿಗಳ ಮೇಲೂ ಕೂಡಿಸಿದೆವು. ಕುರಿ ಹೂಳಿದ ಗುಂಡಿಯ ಮೇಲೂ. ಹೆಪ್ಪುಗಟ್ಟಿದ ನೆಲ ಪುಡಿಯಾಗಿ, ಮೇಲೆ ಕಪ್ಪು ಹಾಸಿನಂತೆ ಹಿಕ್ಕೆ ಬಿತ್ತು. ಅದರ ಮೇಲೆ ಒಣ ಮುಳ್ಳು ಹರಡಿ, ಬೇಲಿ ಮುಚ್ಚಿ ಬಂದೆವು.

ಮಳೆ ಬರಲಿಲ್ಲ. ಮೊದಲ ಹದ ಮಳೆಯೆಲ್ಲ ಹೊಸದುರ್ಗದ ಕಡೆಗೇ ಸುರಿದು ನಿಂತಿತು. ಹೆಸರು ಕಳೆದುಕೊಂಡ ಗಿಡಗಳಲ್ಲಿ ಹುಣಸೆ ಒಣಗಿತು, ಆಮೇಲೆ ಇನ್ನೊಂದು. ಯಾರೂ ಏನೂ ಅನ್ನಲಿಲ್ಲ. ಅವು ಬರಿ ಗಿಡಗಳಾಗಿದ್ದವು. ಆ ಮಟ್ಟಿಗೆ ನಿರ್ಧಾರ ಸರಿಯಾಗಿತ್ತು. ಆದರೆ ನೆಲ ಮಾತ್ರ ಬೋಳಾಗಿಯೇ ಇತ್ತು. ಕಂದಾಯ ನಿರೀಕ್ಷಕರು ಫೋನು ಮಾಡಿದರು. "ಹಸಿರು ಅಂದಿದ್ರು ಸಾಹೇಬ್ರು. ನಾನು ಹೋಗಿದ್ದೆ. ಬರೀ ಕುರಿ ಹಿಕ್ಕೆ ಐತಲ್ಲಮ್ಮ. ಏನಂತ ವರದಿ ಬರೀಲಿ?" ಬೇಸರದಿಂದಲೇ ಕೇಳಿದರು. ಮಳೆಗಾಲ ಮುಗಿಯಲಿ ಎಂದೆ. "ಶುರುನೇ ಆಗಿಲ್ಲ" ಎಂದರು.

ಮಳೆ ತಡವಾಗಿ ಬಂತು, ಜೋರಾಗಿ ಬಂತು. ಬದುಗಳು ನೀರು ಹಿಡಿದವು. ಎರಡು ವಾರದ ಮೇಲೆ ಹೋದಾಗ ಒಣ ಮುಳ್ಳಿನ ಕೆಳಗೆಲ್ಲ ಮೊಳಕೆ. ಕಾಲಿಡಲು ಜಾಗವಿಲ್ಲ. ಸಂತೋಷಪಡುವ ಮುಂಚೆ ಕೂತು ನೋಡಿದೆ. ನಡುನಡುವೆ ಬಳ್ಳಾರಿ ಜಾಲಿಯೂ ಇತ್ತು. ಎಲ್ಲೋ ಕದ್ದು ತಿಂದಿದ್ದವು. ಎಳೆಯದಿದ್ದಾಗ ಎರಡನ್ನೂ ಬೇರೆ ಮಾಡುವುದು ಕಷ್ಟ. ಇನ್ನೊಂದೆರಡು ಜೊತೆ ಎಲೆ ಬರುವವರೆಗೆ ಕಾದೆ. ಕರಿಜಾಲಿಯ ಎಲೆ ಸಣ್ಣದು, ಒತ್ತೊತ್ತು. ಬಳ್ಳಾರಿ ಜಾಲಿಯದು ಉದ್ದ, ಬಿಡಿಬಿಡಿ. ಹಟ್ಟಿಯ ಹೆಂಗಸರೊಂದಿಗೆ ನಾನೂ ಕೂತು ಕೈಯಿಂದಲೇ ಕಿತ್ತೆ. ಬೆರಳೆಲ್ಲ ಮುಳ್ಳು. ಒಂದು ಮಧ್ಯಾಹ್ನ ಪಕ್ಕದ ಸಾಲಿನಲ್ಲಿ ಯಾರೋ ಗಂಡಸು ಕೂತು ಕೀಳುತ್ತಿರುವುದು ಕಂಡಿತು. ಯಜಮಾನರು. ತಲೆ ಎತ್ತದೆ ಕೀಳುತ್ತಲೇ ಇದ್ದರು.

ಪರಿಶೀಲನೆಗೆ ತಹಸೀಲ್ದಾರರೇ ಬಂದರು. ಕೈಯಲ್ಲಿ ನನ್ನ ಹಳೆಯ ನಕ್ಷೆ. ಮೊಣಕಾಲೆತ್ತರದ ಜಾಲಿಯನ್ನೂ ನಕ್ಷೆಯನ್ನೂ ನೋಡಿದರು.

"ಇದರಲ್ಲಿ ಐದು ಮರ ಇದಾವೆ. ಅವೆಲ್ಲಿ?"

"ಇಲ್ಲ ಸರ್. ಮೂರು ಸತ್ತವು. ಉಳಿದ ಎರಡು ಆ ಕಡೆ ಅವೆ."

"ಮತ್ತೆ ಯಾರ ಸಮಾಧಿಗೆ ಯಾವ ಮರ?"

"ಯಾವುದೂ ಯಾರದ್ದೂ ಅಲ್ಲ ಸರ್."

ಕಂದಾಯ ನಿರೀಕ್ಷಕರು ಕೆಮ್ಮಿದರು. "ಸಾರ್, ಹೊರಗಿನೋರು ನೋಡಿದ್ರೆ ಜಾಲಿ ಮೆಳೆ ಅಂತಾರೆ."

ನಾನು ಹೊಸ ನಕ್ಷೆ ಬಿಡಿಸಿದೆ. ಹೇಗೆ ಬೆಳೆಯುತ್ತವೆ, ಯಾವುದನ್ನು ಉಳಿಸಿ ಯಾವುದನ್ನು ತೆಳು ಮಾಡುತ್ತೇವೆ, ಕೂರುವ ಬದುವಿನ ಮೇಲೆ ಎಷ್ಟು ವರ್ಷಕ್ಕೆ ನೆರಳು ಬರುತ್ತದೆ, ಯಾವ ತಿಂಗಳು ಕುರಿ ಒಳಗೆ ಬಿಡುತ್ತೇವೆ, ಎಲ್ಲ. ಒಂದು ಗಿಡವನ್ನು ಅಗೆದು ಬೇರು ತೋರಿಸಿದೆ. ಗಿಡಕ್ಕಿಂತ ಬೇರೇ ಉದ್ದವಿತ್ತು, ಬಂಡೆಯ ಬಿರುಕಿಗೆ ಇಳಿದಿತ್ತು. ಅವರು ಬೇರನ್ನು ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಯಜಮಾನರ ಕಡೆ ತಿರುಗಿ, "ನಿಮಗೆ ಒಪ್ಪಿಗೇನಾ ಇದು?" ಎಂದರು.

ಯಜಮಾನರು ರಸ್ತೆಯ ಕಡೆ ನೋಡುತ್ತಿದ್ದರು. "ಒಪ್ಪಿಗೆ ಅಂತ ಹೆಂಗೆ ಅನ್ನಲಿ ಸ್ವಾಮಿ. ಎತ್ತಬ್ಯಾಡ್ರಿ. ಅಷ್ಟೇ."

ಪ್ರಮಾಣಪತ್ರ ಕೊಟ್ಟದ್ದು ತಾಲ್ಲೂಕು ಕಚೇರಿಯಲ್ಲಿ. ಸಮಾರಂಭವೇನಿಲ್ಲ. ಜಾಗವನ್ನು ಪಹಣಿಯಲ್ಲಿ ಸ್ಮಶಾನವೆಂದು ನಮೂದಿಸಲಾಗಿದೆ, ಇನ್ನು ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ ಎಂಬ ಒಂದು ಹಾಳೆ, ಕೆಳಗೆ ಮೊಹರು. ತಹಸೀಲ್ದಾರರು ಅದನ್ನು ನನ್ನ ಕೈಗೆ ಕೊಡಲು ಬಂದರು. ನಾನು ದೊಡ್ಡಮ್ಮನ ಕಡೆ ತೋರಿಸಿದೆ. ಅವರು ಎರಡೂ ಕೈಯಲ್ಲಿ ಇಸಿದುಕೊಂಡರು. ಹೊರಗೆ ಬಂದು ಬೇವಿನ ಕಟ್ಟೆಯ ಮೇಲೆ ಕೂತು, "ಓದು" ಎಂದರು.

ಓದಿದೆ. "ಸದರಿ ಜಾಗದಲ್ಲಿ ನಾಲ್ಕು ಸಮಾಧಿಗಳಿದ್ದು" ಎಂಬಲ್ಲಿಗೆ ಬಂದು ನಿಲ್ಲಿಸಿದೆ.

"ಯಾಕೆ ನಿಲ್ಸಿದಿ?"

"ನಾಲ್ಕು ಅಂತ ಬರ್ದಿದಾರೆ ದೊಡ್ಡಮ್ಮ."

"ನಾಕೇ ಅಲ್ವಾ ಇರೋದು. ಇನ್ನೇನಂತ ಬರೀತಾರೆ?" ಹಾಳೆಯನ್ನು ಮಡಿಸಿ ಎಲೆಅಡಿಕೆ ಚೀಲದೊಳಗೆ ತೂರಿಸಿದರು. ಸೆರಗಿನಿಂದ ಮುಖ ಒರೆಸಿಕೊಂಡರು. "ಅವ್ರ ಕಾಗದದಾಗೆ ನಾಕೇ ಇರ್ಲಿ ಬಿಡವ್ವ. ಆ ಗಿಡದಾಗೆ ಯಾವುದು ಯಾರದು ಅಂತ ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ನಾನು ಹೋಗಿ ಐದು ಜನಕ್ಕೂ ನೀರು ಹೊಯ್ದು ಬಂದ್ರೆ, ಯಾವನು ಬಂದು ಎಣಿಸ್ತಾನೆ?"